ಅಶರೀರವಾಣಿಯ ಸಾಕ್ಷಿಗಳು

ತಂಗಿಯ ಮದುವೆಯ ದಿಬ್ಬಣದಲ್ಲಿ ತಾನೇ ರಥದ ಹಗ್ಗ ಹಿಡಿದು ಕುಳಿತಿದ್ದ ಕಂಸನಿಗೆ ಅಶರೀರವಾಣಿ ಕೇಳಿಸಿದಾಗ, ಈ ನುಡಿ ಯಾರದು, ಇದನ್ನು ನಂಬುವುದಕ್ಕೆ ಆಧಾರವೇನು ಎಂಬ ಸಂದೇಹ ಅವನಿಗೆ ಕ್ಷಣಮಾತ್ರವೂ ಹುಟ್ಟಲಿಲ್ಲ. ಒಡನೆಯೇ ಖಡ್ಗವನ್ನು ಹಿರಿದನು. ಮೈಸೂರಿನ ಮಹಾರಾಜಾ ಕಾಲೇಜಿನ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ಆರಂಭಿಸಿದ ಪುಟ್ಟ ಪ್ರಸಾರ ಕೇಂದ್ರಕ್ಕೂ ಆ ಅಶರೀರವಾಣಿಯ ಇನ್ನೊಂದು ಹೆಸರಾದ ಆಕಾಶವಾಣಿಯೆಂಬ ಹೆಸರೇ ಸಂದು, ಮುಂದೆ ಅದು ದೇಶದ ರೇಡಿಯೋಗೇ ಹೆಸರಾಯಿತು. ಆದರೆ ಮನುಷ್ಯನು ಯಂತ್ರದಿಂದ ಹೊರಡಿಸಿದ ಈ ಹೊಸ ಅಶರೀರವಾಣಿಯು ಪರದೇಶಗಳ ಆಗುಹೋಗುಗಳನ್ನು ಮನೆಮನೆಗೆ ಮುಟ್ಟಿಸಲು ಹೊರಟಾಗ, ಪುರಾಣದ ವಾಣಿಗಿಲ್ಲದ ಹೊಣೆಯೊಂದು ಅದರ ಹೆಗಲೇರಿತು. ಕೇಳುವವನಿಗೆ ಆಡುವವನ ಮುಖ ಕಾಣದು. ಹಾಗಿದ್ದೂ ಅವನು ನಂಬಬೇಕು. ಆ ನಂಬಿಕೆಗೆ ಯೋಗ್ಯರಾಗಲು ಬ್ರಿಟನ್ನಿನ ಬಿ.ಬಿ.ಸಿ. ಸಂಸ್ಥೆಯ ಬಾತ್ಮೀದಾರರು ಎರಡನೆಯ ಮಹಾಯುದ್ಧದ ಆಸುಪಾಸಿನ ವರ್ಷಗಳಲ್ಲಿ ಪಟ್ಟ ಪಾಡನ್ನು ಓದಿದಾಗಲೆಲ್ಲ ನನ್ನ ಮನಸ್ಸು ಆರ್ದ್ರವಾಗುತ್ತದೆ.

1927ರ ಜನವರಿ 1ರಂದು ರಾಜಶಾಸನದ ಮೂಲಕ ಸಾರ್ವಜನಿಕ ಸಂಸ್ಥೆಯಾಗಿ, ಶ್ರೋತೃಗಳು ತೆರುವ ಲೈಸೆನ್ಸ್ ಹಣದಿಂದ ನಡೆಯತೊಡಗಿದ ಬಿ.ಬಿ.ಸಿ.ಗೆ ಮೊದಮೊದಲು ಸ್ವಂತ ಬಾತ್ಮೀದಾರರೆಂಬವರೇ ಇರಲಿಲ್ಲವೆನ್ನಬಹುದು. ತಮ್ಮ ವ್ಯಾಪಾರಕ್ಕೆ ಧಕ್ಕೆಯಾದೀತೆಂದು ಅಂಜಿದ ಪತ್ರಿಕೆಗಳ ಒತ್ತಾಯದಿಂದ, ಸಂಜೆಯಾಗುವವರೆಗೆ ವಾರ್ತೆಯನ್ನು ಬಿತ್ತರಿಸಬಾರದೆಂಬ ಕಟ್ಟುಪಾಡೂ ಆ ಕಾಲದಲ್ಲಿತ್ತು. ಸುದ್ದಿಸಂಸ್ಥೆಗಳು ಕಳುಹಿಸಿದ ಒಕ್ಕಣೆಯನ್ನು ಓದಿ ಮುಗಿಸುವುದೇ ವಾರ್ತೆ. 1936ರಲ್ಲಿ ರಿಚರ್ಡ್ ಡಿಂಬಲ್ಬಿಯೆಂಬ ತರುಣ ಪತ್ರಕರ್ತನು ಸಂಸ್ಥೆಗೊಂದು ಪತ್ರ ಬರೆದು, ಘಟನೆ ನಡೆದ ಸ್ಥಳಕ್ಕೇ ಹೋಗಿ ಕಂಡವರ ಮಾತನ್ನು ತಂದು ಕೇಳಿಸುವ ಜನ ನಿಮಗೆ ಬೇಕೆಂದು ವಾದಿಸಿ, ಆ ಕೆಲಸಕ್ಕೆ ತಾನೇ ಸೇರಿಕೊಂಡನು. ಮೂರು ವರ್ಷಗಳೊಳಗಾಗಿ, 1939ರ ಆರಂಭದಲ್ಲಿ, ಸ್ಪೇನಿನ ಅಂತರ್ಯುದ್ಧದಲ್ಲಿ ಕ್ಯಾಟಲೋನಿಯಾ ಬಿದ್ದು ಲಕ್ಷಾಂತರ ಜನ ಚಳಿಯಲ್ಲಿ ಗಂಟುಮೂಟೆ ಹೊತ್ತು ಫ್ರಾನ್ಸಿನ ಗಡಿಯನ್ನು ದಾಟುತ್ತಿದ್ದಾಗ, ಲ ಪರ್ತೂಸ್ ಎಂಬ ಗಡಿಯೂರಿನಲ್ಲಿ ನಿಂತು ತನ್ನೆದುರು ಹಾದುಹೋಗುತ್ತಿದ್ದ ಆ ನಿರಾಶ್ರಿತರನ್ನು ಅವನು ವರ್ಣಿಸಿದುದು ಟೆಲಿಫೋನ್ ತಂತಿಯ ಮೂಲಕ ಲಂಡನ್ನನ್ನು ತಲಪಿತು.

ಕಣ್ಣಾರೆ ಕಂಡದ್ದೆಲ್ಲ ಸತ್ಯವಾಗದೆಂಬ ಪಾಠವೂ ಬೇಗನೆ ಬಂತು. 1940ರ ಜುಲೈ 14ರಂದು ಡೋವರಿನ ಬಳಿ ನಡೆದ ವಿಮಾನ ಕಾಳಗವನ್ನು ಚಾರ್ಲ್ಸ್ ಗಾರ್ಡ್ನರ್ ಎಂಬ ಬಾತ್ಮೀದಾರನು ದಂಡೆಯ ಮೇಲಿಂದ ನೋಡುತ್ತ ಮುದ್ರಿಸಿಕೊಂಡ ವೀಕ್ಷಕ ವಿವರಣೆಯನ್ನು ಕೇಳಿ ಜನ ರೋಮಾಂಚಗೊಂಡರು. ಸಾಯುವ ಮನುಷ್ಯರನ್ನು ಕಾಲ್ಚೆಂಡಾಟದ ಭರಾಟೆಯಲ್ಲಿ ಬಣ್ಣಿಸುವುದು ಉಚಿತವೇ ಎಂದು ಕೆರಳಿದವರೂ ಇದ್ದರು. ಶತ್ರುವಿನ ವಿಮಾನವೆಂದು ಅವನು ಉತ್ಸಾಹದಿಂದ ತೋರಿಸಿದ, ಉರಿಯುತ್ತ ಬಿದ್ದ ವಿಮಾನಗಳಲ್ಲೊಂದು ವಾಸ್ತವವಾಗಿ ಬ್ರಿಟನ್ನಿನದೇ ಆಗಿತ್ತು. ಧುಮುಕುಕೊಡೆಯಲ್ಲಿ ಇಳಿದ ಅದರ ವಿಮಾನಿ ಮಾರನೆಯ ದಿನ ಗಾಯಗಳಿಂದ ತೀರಿಕೊಂಡನು. ಗಾರ್ಡ್ನರನು ಸುಳ್ಳು ಹೇಳಿದವನಲ್ಲ. ದೂರದಿಂದ ನೋಡಿದವನು, ಅಷ್ಟೆ.

ಆದುದರಿಂದ ಹತ್ತಿರಕ್ಕೆ ಹೋಗಬೇಕಾಯಿತು. ಹತ್ತಿರಕ್ಕೆ ಹೋಗಲು ಅಡ್ಡಿಯಾದದ್ದು ಯಂತ್ರದ ಭಾರ, ಏಕೆಂದರೆ ಧ್ವನಿಯನ್ನು ತಟ್ಟೆಯ ಮೇಲೆ ಕೊರೆಯುವ ಅಂದಿನ ಸಲಕರಣೆಗೆ ಒಂದು ಮೋಟಾರು ವಾಹನವೇ ಬೇಕಿತ್ತು. 1943ರ ಸೆಪ್ಟೆಂಬರ್ 3ರ ರಾತ್ರಿ ಬರ್ಲಿನ್ನಿನ ಮೇಲೆ ಬಾಂಬು ಹಾಕಲು ಹೊರಟ ಲ್ಯಾಂಕಾಸ್ಟರ್ ವಿಮಾನದಲ್ಲಿ ವಿನ್‌ಫರ್ಡ್ ವಾನ್-ಥಾಮಸನೂ ಧ್ವನಿತಂತ್ರಜ್ಞ ರೆಜಿನಾಲ್ಡ್ ಪಿಡ್ಸ್‌ಲಿಯೂ ಆ ಸಲಕರಣೆಯೊಡನೆ ಹೋಗಿ, ಶತ್ರುವಿಮಾನ ಎರಗಿದಾಗಲೂ ಕಂಪಿಸದೆ ಮಾತಾಡುತ್ತಿದ್ದ ಸಿಬ್ಬಂದಿಯ ಧ್ವನಿಗಳನ್ನು ಹಿಡಿದು ತಂದರು. ವಾನ್-ಥಾಮಸನನ್ನು ನೆನೆಯುವವರು ಪಿಡ್ಸ್‌ಲಿಯನ್ನು ಮರೆಯುತ್ತಾರೆ, ಇದು ಅನ್ಯಾಯ. ಮುಳ್ಳು ತಟ್ಟೆಯಿಂದ ಜಾರದಂತೆ ಆ ಕತ್ತಲೆಯಲ್ಲಿ ಕಾದವನು ಅವನೇ ತಾನೆ? ಆಮೇಲೆ ಬಿ.ಬಿ.ಸಿ.ಯ ಯಂತ್ರಶಿಲ್ಪಿಗಳು, ಗಡಿಯಾರದಂತೆ ಕೀಲಿ ಕೊಟ್ಟರೆ ತಿರುಗುವ, ಸುಮಾರು 40 ಪೌಂಡು ತೂಕದ, ಬಾತ್ಮೀದಾರನೊಬ್ಬನೇ ಹೊತ್ತು ನಡೆಸಬಹುದಾದ ಪೆಟ್ಟಿಗೆಯೊಂದನ್ನು ಸಿದ್ಧಪಡಿಸಿದರು. ತಟ್ಟೆಯ ಒಂದು ಮಗ್ಗುಲಿಗೆ ಮೂರು ನಿಮಿಷವೂ ಹಿಡಿಸುತ್ತಿರಲಿಲ್ಲವಾಗಿ, ಯಾವ ಮಾತು ಬೇಕು, ಯಾವುದು ಬೇಡ ಎಂಬುದನ್ನು ಗುಂಡಿನ ಸಪ್ಪಳದ ನಡುವೆಯೇ ತೀರ್ಮಾನಿಸಬೇಕಾಗುತ್ತಿತ್ತು.

ಆ ಪೆಟ್ಟಿಗೆಗಳನ್ನು ಹೊತ್ತವರು 1944ರ ಜೂನ್ 6ರಂದು ಸೈನಿಕರೊಡನೆಯೇ ನಾರ್ಮಂಡಿಗೆ ಇಳಿದರು. ಆಸ್ಟ್ರೇಲಿಯದ ಚೆಸ್ಟರ್ ವಿಲ್ಮಟನು ಎಂಜಿನಿಲ್ಲದ ಗ್ಲೈಡರಿನಲ್ಲಿ ಕುಳಿತು ಇಳಿದವನು. ಅಂದಿನ ರಾತ್ರಿಯೇ ಒಂಬತ್ತು ಗಂಟೆಯ ವಾರ್ತೆಯ ತರುವಾಯ ‘ವಾರ್ ರಿಪೋರ್ಟ್’ ಎಂಬ ಕಾರ್ಯಕ್ರಮ ಮೊದಲಾಗಿ, ಮುಂದಿನ ಮೇ ತಿಂಗಳವರೆಗೆ ನಡೆಯಿತು; ಸೈನ್ಯದ ಸೆನ್ಸಾರ್ ಅಧಿಕಾರಿಗಳ ಕಣ್ಣು ದಾಟಿ ಬಂದ ತಟ್ಟೆಗಳನ್ನು ಜೋಡಿಸಿ, ರಣರಂಗದ ಶಬ್ದವನ್ನು ಆಲಿಸುವವರ ಮನೆಗೆ ತಂದು ಬಿಡುವುದೇ ಅದರ ಕ್ರಮ. ಕ್ರೆಯ್ಯಿ ಎಂಬ ಊರಿನ ಹಳೆಯ ಕೋಟೆಯ ಗೋಪುರವೊಂದು ಈ ಬಾತ್ಮೀದಾರರ ಸ್ಟುಡಿಯೋ ಆಗಿತ್ತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಹಾಲೆಂಡಿನ ಆರ್ನ್‌ಹೆಮ್ ಬಳಿ ಸುತ್ತುವರಿಯಲ್ಪಟ್ಟ ಪಡೆಯೊಡನೆ ಸ್ಟ್ಯಾನ್ಲಿ ಮ್ಯಾಕ್ಸ್‌ಟೆಡ್, ಗೈ ಬೈಯಮ್ ಇಬ್ಬರೂ ಸಿಲುಕಿ, ಹೇಗೋ ನದಿ ದಾಟಿ ಬದುಕಿ ಬಂದರು. ಬೈಯಮನ ಅದೃಷ್ಟ ಅಷ್ಟಕ್ಕೇ ಮುಗಿಯಿತು. 1945ರ ಫೆಬ್ರವರಿ 3ರಂದು ಬರ್ಲಿನ್ ದಾಳಿಗೆ ಹೋದ ಅಮೆರಿಕನ್ ವಿಮಾನದಲ್ಲಿದ್ದ ಆತನು ಹಿಂದಿರುಗಲಿಲ್ಲ.

ಇವರೆಲ್ಲರ ಪರಿಶ್ರಮವು ನಿಕಷಕ್ಕೆ ಒಡ್ಡಲ್ಪಟ್ಟದ್ದು ಜರ್ಮನಿಯ ನಾಜಿ ಬಂದೀಶಿಬಿರವಾದ ಬೆರ್ಗನ್-ಬೆಲ್ಸನ್ನಿನಲ್ಲಿ. 1945ರ ಏಪ್ರಿಲ್ 15ರಂದು ಬ್ರಿಟಿಷ್ ಸೈನ್ಯ ಆ ಶಿಬಿರವನ್ನು ಹೊಕ್ಕಾಗ ಸುಮಾರು 60,000 ಬಂದಿಗಳು ಹಸಿವೆಯಿಂದಲೂ ಟೈಫಸ್ ಜ್ವರದಿಂದಲೂ ಸಾಯುತ್ತಿದ್ದರು. ಹೂಳುವವರಿಲ್ಲದೆ ಬಯಲಿನಲ್ಲಿ ಬಿದ್ದಿದ್ದ ಹೆಣಗಳು ಸುಮಾರು 13,000. ಒಂಬತ್ತು ವರ್ಷಗಳ ಹಿಂದೆ ಆ ಪತ್ರ ಬರೆದಿದ್ದ ಡಿಂಬಲ್ಬಿಗೆ ಆಗ ಮೂವತ್ತೊಂದು ವಯಸ್ಸು. ಅವನು ಶಿಬಿರವನ್ನು ಸುತ್ತಿ ನೋಡಿ, ವಿಶೇಷಣಗಳನ್ನು ಬದಿಗಿಟ್ಟು, ಕಂಡವರನ್ನೂ ಕಂಡದ್ದನ್ನೂ ಒಂದೊಂದಾಗಿ ಹೇಳಿ ಮುದ್ರಿಸಿದನು. ಅದು ಲಂಡನ್ನಿಗೆ ಬಂದಾಗ, ಅಲ್ಲಿನ ಹಿರಿಯರು ಇದನ್ನು ಬೇರೆ ಕಡೆಯಿಂದ ಖಚಿತಪಡಿಸಿಕೊಳ್ಳದೆ ಪ್ರಸಾರ ಮಾಡಲಾರೆವೆಂದರು! ಒಂಬತ್ತು ವರ್ಷಗಳಿಂದ ತಮ್ಮ ಪರವಾಗಿ ಕಣ್ಣಾಗಿದ್ದವನ ಮಾತು ತಮ್ಮವರಿಗೇ ನಂಬಲಶಕ್ಯವಾಗುವಷ್ಟು ಘೋರವಾಗಿತ್ತು. ಪ್ರಸಾರ ಮಾಡದಿದ್ದರೆ ಇನ್ನು ಮುಂದೆ ತಾನು ಮೈಕ್ರೋಫೋನಿನ ಮುಂದೆ ನಿಲ್ಲುವುದಿಲ್ಲವೆಂದು ಅವನು ಹಟ ಹಿಡಿದ ಮೇಲೆ, ಏಪ್ರಿಲ್ 19ರಂದು ಅದು ಹೊರಬಂದಿತೆಂದು ಅವನ ಮಗ ಜೊನಾಥನ್ ಡಿಂಬಲ್ಬಿ ತಂದೆಯ ಚರಿತ್ರೆಯಲ್ಲಿ ತಿಳಿಸಿದ್ದಾನೆ. ನಾನು ಆ ಹಿರಿಯರನ್ನು ಪೂರಾ ದೂಷಿಸಲಾರೆ. ಗಾರ್ಡ್ನರನ ವಿಮಾನವನ್ನು ನೆನಪಿನಲ್ಲಿಟ್ಟಿದ್ದವರು ಖಚಿತಪಡಿಸಿಕೊಳ್ಳಲು ಬಯಸಿದ್ದು ಸಹಜವೇ. ಆದರೂ ಆ ಕೆಲವು ದಿನಗಳ ತಡೆಯನ್ನು ನೆನೆದರೆ ಎದೆ ಭಾರವಾಗುತ್ತದೆ.

ಮಾರನೆಯ ದಿನ, ಶುಕ್ರವಾರ, ಬಿ.ಬಿ.ಸಿ.ಯವನೇ ಆದ ಪ್ಯಾಟ್ರಿಕ್ ಗಾರ್ಡನ್ ವಾಕರನು ಅದೇ ಶಿಬಿರದಲ್ಲಿ ಯಂತ್ರವನ್ನು ಹೂಡಿದನು. ಸೈನ್ಯದ ಯೆಹೂದಿ ಪುರೋಹಿತ ಲೆಸ್ಲಿ ಹಾರ್ಡ್‌ಮನ್ ಬಯಲಿನಲ್ಲಿ ಯೆಹೂದಿಗಳ ವಿಶ್ರಾಂತಿದಿನವಾದ ಸಬ್ಬತ್ತಿನ ಸಂಜೆಯ ಪ್ರಾರ್ಥನೆಯನ್ನು ನಡೆಸಿದನು. ಸುತ್ತಲೂ ಜನ ಸಾಯುತ್ತಲೇ ಇದ್ದರು. ನಿಲ್ಲುವ ತ್ರಾಣವುಳ್ಳ ಕೆಲವರು ಬಂದು ಸೇರಿ, ಪ್ರಾರ್ಥನೆ ಮುಗಿದ ಬಳಿಕ ‘ಹತಿಕ್ವಾ’ ಎಂಬ ಯೆಹೂದಿಗಳ ಆಶಾಗೀತೆಯನ್ನು ಹಾಡಿದರು. ಬಾತ್ಮೀದಾರನು ಅಷ್ಟು ಹೊತ್ತು ಸುಮ್ಮನಿದ್ದನು. ತಟ್ಟೆ ತಿರುಗುತ್ತಿತ್ತು, ಅದರ ಮೇಲೆ ಅವರ ಬಡಕಲು ಕಂಠಗಳು ಒಂದರ ಹಿಂದೊಂದು ಮೂಡುತ್ತಿದ್ದುವು. ಆ ಧ್ವನಿಮುದ್ರಣ ಇಂದಿಗೂ ಉಳಿದಿದೆ.