20 ವರ್ಷ ಅನುಭವ ಇದ್ದರೆ ಒಳ್ಳೆಯ ಭಟ್ಟರೇ? ಸಂದರ್ಶನದಲ್ಲಿ ಕೇಳಬೇಕಾದ 4 ಪ್ರಶ್ನೆಗಳು

ಬೈರಮಂಗಲದ ಪಕ್ಕದಲ್ಲೇ ಬಿಡದಿ ಕೈಗಾರಿಕಾ ಪ್ರದೇಶವಿದೆ. ಕಾರ್ಖಾನೆ ಕ್ಯಾಂಟೀನ್, ತಟ್ಟೆ ಇಡ್ಲಿ ಹೋಟೆಲ್, ಮೆಸ್, ಮದುವೆ ಕೇಟರಿಂಗ್ ಹೀಗೆ ಎಲ್ಲ ಕಡೆ ಅಡುಗೆಯವರು ಬೇಕು. ಕೆಲಸಕ್ಕೆ ಬಂದವರನ್ನು ಸಾಮಾನ್ಯವಾಗಿ ಕೇಳುವುದು ಎರಡೇ: ಎಷ್ಟು ವರ್ಷ ಅನುಭವ? ಏನೇನು ಮಾಡಲು ಬರುತ್ತದೆ? ಇಷ್ಟು ಸಾಕೇ?

ಸಾಲದು. ಉದ್ಯೋಗಿಗಳ ಆಯ್ಕೆಯ ಬಗ್ಗೆ 85 ವರ್ಷಗಳಲ್ಲಿ ನಡೆದ ಸಂಶೋಧನೆಗಳನ್ನು ಫ್ರಾಂಕ್ ಸ್ಮಿಟ್ ಮತ್ತು ಜಾನ್ ಹಂಟರ್ 1998ರಲ್ಲಿ ಒಟ್ಟುಗೂಡಿಸಿ ನೋಡಿದರು. ಅನುಭವದ ವರ್ಷಗಳಿಗಿಂತ, ಕೆಲಸವನ್ನೇ ಮಾಡಿಸಿ ನೋಡುವುದು ಮತ್ತು ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿ ಅಂಕ ಕೊಡುವುದು ಹೆಚ್ಚು ನಂಬಿಕೆಗೆ ಅರ್ಹ ಎಂದು ಕಂಡುಬಂತು. ಅಡುಗೆ ಮಾಡಿಸಿ ನೋಡಿದರೆ ಕೈರುಚಿ ಗೊತ್ತಾಗುತ್ತದೆ. ಎಡವಟ್ಟಾದಾಗ ತಲೆ ಹೇಗೆ ಓಡುತ್ತದೆ ಎಂದು ತಿಳಿಯಲು ಈ ಪ್ರಶ್ನೆಗಳನ್ನು ಕೇಳಿ.

1. 20 ಲೀಟರ್ ಸಾಂಬಾರಿಗೆ ಉಪ್ಪು ಜಾಸ್ತಿಯಾಗಿದೆ. ಏನು ಮಾಡುತ್ತೀರಿ?
"ಆಲೂಗಡ್ಡೆ ಹಾಕಿದರೆ ಉಪ್ಪು ಹೀರಿಕೊಳ್ಳುತ್ತದೆ" ಎಂಬ ಸಲಹೆ ವಾಟ್ಸಾಪ್‌ನಲ್ಲೂ ಓಡಾಡುತ್ತದೆ. ಆಲೂಗಡ್ಡೆ ಉಪ್ಪನ್ನಷ್ಟೇ ಆರಿಸಿ ಹೀರುವುದಿಲ್ಲ, ಉಪ್ಪಿರುವ ರಸವನ್ನು ಹೀರುತ್ತದೆ. ಉಳಿದ ಸಾಂಬಾರು ಹೆಚ್ಚುಕಡಿಮೆ ಅಷ್ಟೇ ಉಪ್ಪಾಗಿರುತ್ತದೆ. ಸರಿಯಾದ ದಾರಿ ಎಂದರೆ ಉಪ್ಪಿಲ್ಲದ ಬೇಳೆಕಟ್ಟು ಸೇರಿಸುವುದು. 25 ಲೀಟರಿಗೆ ಆಗುವಷ್ಟು ಉಪ್ಪು ಬಿದ್ದಿದ್ದರೆ ಇನ್ನೂ 5 ಲೀಟರ್ ಬೇಕು. ಹುಳಿ, ಖಾರವನ್ನೂ ಮತ್ತೆ ಸರಿಮಾಡಬೇಕು.

2. ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದೆ. ಮೊದಲು ಏನು?
"ನೀರು ಹಾಕುತ್ತೇನೆ" ಎಂದರೆ ಅಪಾಯ. ಕಾದ ಎಣ್ಣೆಯ ತಳಕ್ಕಿಳಿದ ನೀರು ಕ್ಷಣದಲ್ಲೇ ಆವಿಯಾಗಿ, ಉರಿಯುವ ಎಣ್ಣೆಯನ್ನು ಮೇಲಕ್ಕೆ ಚಿಮ್ಮಿಸುತ್ತದೆ. ಸಾಧ್ಯವಾದರೆ ಗ್ಯಾಸ್ ಆರಿಸಬೇಕು, ಲೋಹದ ಮುಚ್ಚಳ ಮುಚ್ಚಬೇಕು, ಬಾಣಲೆಯನ್ನು ಅಲುಗಾಡಿಸಬಾರದು. ಬೆಂಕಿ ದೊಡ್ಡದಾಗಿದ್ದರೆ ಎಲ್ಲರನ್ನೂ ಹೊರಗೆ ಕಳಿಸಿ ಅಗ್ನಿಶಾಮಕ ದಳಕ್ಕೆ ಕರೆ ಮಾಡಬೇಕು.

3. ಮಧ್ಯಾಹ್ನದ ಅನ್ನ ಸಂಜೆವರೆಗೂ ಹೊರಗೇ ಇತ್ತು. ರಾತ್ರಿಗೆ ಚಿತ್ರಾನ್ನ ಮಾಡಬಹುದೇ?
ಬೇಡ. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಅನ್ನ ಬೆಂದರೂ ಉಳಿಯಬಲ್ಲವು. ಅನ್ನ ಹೊರಗಿದ್ದಾಗ ಅವು ಬೆಳೆದು, ವಾಂತಿ ತರಿಸುವ ವಿಷ ತಯಾರಿಸಬಹುದು. ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಬೇಯಿಸಿದ ಆಹಾರವನ್ನು 2 ಗಂಟೆಗಿಂತ ಹೆಚ್ಚು ಹೊತ್ತು ಹೊರಗಿಡಬೇಡಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬಡಿಸುವವರೆಗೆ 60 ಡಿಗ್ರಿಗಿಂತ ಹೆಚ್ಚು ಬಿಸಿ ಇರಬೇಕು.

4. ಟ್ಯಾಂಕಿನ ನೀರು ವಾಸನೆ ಬರುತ್ತಿದೆ. ಅಡುಗೆಗೆ ಇಳಿಯುವ ಹೊತ್ತು. ಏನು ಮಾಡುತ್ತೀರಿ?
ಬೈರಮಂಗಲದಲ್ಲಿ ಈ ಪ್ರಶ್ನೆಗೆ ತೂಕ ಹೆಚ್ಚು. ಬೆಂಗಳೂರಿನ ಕೊಳಚೆ ಮತ್ತು ಕಾರ್ಖಾನೆ ತ್ಯಾಜ್ಯ ಹೊತ್ತ ವೃಷಭಾವತಿ ಇಲ್ಲಿನ ಕೆರೆಗೆ ಸೇರುತ್ತದೆ. "ಚೆನ್ನಾಗಿ ಕುದಿಸಿದರೆ ಆಯಿತು" ಎಂಬುದು ಅರ್ಧ ಸತ್ಯ. ಕುದಿಸಿದರೆ ರೋಗಾಣುಗಳು ಸಾಯುತ್ತವೆ, ಸೀಸ, ಕ್ರೋಮಿಯಂನಂಥ ಲೋಹಗಳು ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅವುಗಳ ಸಾಂದ್ರತೆ ಹೆಚ್ಚುತ್ತದೆ. ಆ ನೀರನ್ನು ನಿಲ್ಲಿಸಿ, ಮಾಲೀಕರಿಗೆ ತಿಳಿಸಿ, ಬೇರೆ ಶುದ್ಧ ನೀರು ತರಿಸುತ್ತೇನೆ ಎನ್ನುವವರು ಬೇಕು. ಊಟ ತಡವಾದರೂ ಪರವಾಗಿಲ್ಲ.

ಅಂಕ ಕೊಡುವುದು ಹೇಗೆ?
ಸರಿ ಉತ್ತರಗಳನ್ನು ಮೊದಲೇ ಬರೆದಿಟ್ಟುಕೊಳ್ಳಿ. ಎಲ್ಲರಿಗೂ ಇವೇ ಪ್ರಶ್ನೆ ಕೇಳಿ. ಪ್ರತಿ ಉತ್ತರಕ್ಕೆ 0, 1 ಅಥವಾ 2 ಅಂಕ ಕೊಡಿ. "ಅನ್ನ ಎಷ್ಟು ಹೊತ್ತು ಹೊರಗಿತ್ತು?", "ಎಷ್ಟು ಜನರ ಊಟ ಬಾಕಿ ಇದೆ?" ಎಂದು ಮರುಪ್ರಶ್ನೆ ಹಾಕುವವರು ಯೋಚಿಸುತ್ತಿದ್ದಾರೆ ಎಂದರ್ಥ. "ಅಂಥದ್ದು ನನ್ನ ಕೈಯಲ್ಲಿ ಆಗುವುದೇ ಇಲ್ಲ" ಎನ್ನುವವರ ಬಗ್ಗೆ ಎಚ್ಚರವಿರಲಿ. ಮಾತು ಕಡಿಮೆ ಇರುವವರನ್ನು ಅಡುಗೆಮನೆಗೇ ಕರೆದುಕೊಂಡು ಹೋಗಿ, ಏನು ಮಾಡುತ್ತೀರಿ ಎಂದು ತೋರಿಸಲು ಹೇಳಿ.

ನಮ್ಮ ತೀರ್ಮಾನ: ಅನುಭವ ಬೇಕು, ಆದರೆ ಅದರ ವರ್ಷ ಎಣಿಸಿದರೆ ಸಾಲದು. ಸಾಂಬಾರು ಕೆಟ್ಟರೆ ಒಂದು ಹೊತ್ತಿನ ನಷ್ಟ. ಅನ್ನ, ನೀರು, ಬೆಂಕಿಯ ವಿಷಯದಲ್ಲಿ ತಪ್ಪಿದರೆ ಊಟಕ್ಕೆ ಕೂತವರ ಜೀವಕ್ಕೇ ಅಪಾಯ.