ಕಡಲು ದಾಟಿ ಹೋದ ತಾಳ ವಾಪಸ್ ಬಂದ ಕಥೆ: ಪ್ಯಾಟೊರ್ಯಾಂಕಿಂಗ್‌ನ ಮೊದಲ ಆಲ್ಬಮ್

1/5

2016 ನೆನಪು ಮಾಡ್ಕೊಳ್ಳಿ. ಡ್ರೇಕ್‌ನ ‘ಒನ್ ಡ್ಯಾನ್ಸ್’ ನಿಮ್ಮ ಕಿವಿಗೆ ಬೀಳದೆ ಆ ವರ್ಷ ಕಳೆದಿರೋಕೆ ಸಾಧ್ಯವೇ ಇಲ್ಲ. ಜಿಮ್, ಮಾಲ್, ಕಾಲೇಜ್ ಫೆಸ್ಟ್, ಎಲ್ಲಿ ಹೋದ್ರೂ ಅದೇ. ಅಮೆರಿಕದಲ್ಲಿ ನಂಬರ್ ಒನ್. ಬ್ರಿಟನ್‌ನಲ್ಲಂತೂ 15 ವಾರ ಮೊದಲ ಸ್ಥಾನ ಬಿಟ್ಟು ಕದಲಲಿಲ್ಲ. ಹಾಡಿನೊಳಗೆ ನೈಜೀರಿಯಾದ ವಿಜ್‌ಕಿಡ್ ದನಿಯೂ ಇದೆ. ಆದರೆ ಹೆಚ್ಚಿನವರು ಅದನ್ನ ಗಮನಿಸಿದ್ದು ಆಮೇಲೆ.

ಆ ವರ್ಷ ಜಮೈಕಾದ ಡ್ಯಾನ್ಸ್‌ಹಾಲ್ ಮತ್ತು ಪಶ್ಚಿಮ ಆಫ್ರಿಕಾದ ಆಫ್ರೋಬೀಟ್ಸ್ ಜಗತ್ತಿನ ಪಾಪ್ ಸಂಗೀತಕ್ಕೆ ನುಗ್ಗಿದವು. ಕೆಲವು ಪತ್ರಿಕೆಗಳು ಅದಕ್ಕೆ ‘ಟ್ರಾಪಿಕಲ್’ ಅಂತ ಹೆಸರಿಟ್ಟವು. ಊರಿನ ಹೆಸರಿಲ್ಲ, ಜನರ ಹೆಸರಿಲ್ಲ. ಬರೀ ಬಿಸಿಲು, ತೆಂಗಿನಮರ!

ಅದೇ ವರ್ಷ ಆಗಸ್ಟ್‌ನಲ್ಲಿ ಇನ್ನೊಂದು ಆಲ್ಬಮ್ ಬಂತು. ‘ಗಾಡ್ ಓವರ್ ಎವ್ರಿಥಿಂಗ್’. ಹಾಡುಗಾರ ಲಾಗೋಸ್‌ನ ಪ್ಯಾಟೊರ್ಯಾಂಕಿಂಗ್, ಇದು ಈತನ ಮೊದಲ ಆಲ್ಬಮ್. ಡ್ರೇಕ್ ಯಾವ ಎರಡು ಸಂಗೀತದಿಂದ ಜಗತ್ತನ್ನ ಕುಣಿಸಿದನೋ, ಈತ ಅವೆರಡರ ನಡುವೆಯೇ ಬೆಳೆದವನು. ಆದರೂ ‘ಒನ್ ಡ್ಯಾನ್ಸ್’ ಕೇಳಿದ ನಮ್ಮಲ್ಲಿ ಎಷ್ಟು ಜನ ಇದನ್ನ ಕೇಳಿದ್ವಿ?

ಈ ಆಲ್ಬಮ್ ಬಗ್ಗೆ ಬರೆಯುವವರು ಸಾಮಾನ್ಯವಾಗಿ ‘ಆಫ್ರೋಬೀಟ್ಸ್ ಮತ್ತು ಡ್ಯಾನ್ಸ್‌ಹಾಲ್‌ಗಳ ಮಿಶ್ರಣ’ ಅಂದು ಮುಗಿಸಿಬಿಡ್ತಾರೆ. ಆ ‘ಮಿಶ್ರಣ’ ಅನ್ನೋ ಮಾತೇ ನನಗೆ ಸರಿಕಾಣಲ್ಲ. ಯಾಕೆ ಅಂತ ಹೇಳೋಕೆ ಐದು ಪೋಸ್ಟ್ ಬೇಕು. ಜೊತೆಗೆ ಬನ್ನಿ.

2/5

ಮೊದಲು ಹೆಸರುಗಳ ಗೊಂದಲ ಬಗೆಹರಿಸೋಣ.

ಆಫ್ರೋಬೀಟ್, ‘ಸ್’ ಇಲ್ಲದ್ದು: ಫೆಲಾ ಕುಟಿ 1960ರ ದಶಕದ ಕೊನೆಗೆ ಕಟ್ಟಿದ ಸಂಗೀತ. ದೊಡ್ಡ ಬ್ಯಾಂಡು, ಹಿತ್ತಾಳೆ ವಾದ್ಯಗಳು, ಡ್ರಮ್ಸ್‌ನಲ್ಲಿ ಟೋನಿ ಆಲೆನ್, ಸರ್ಕಾರದ ಮೇಲೆ ಬೈಗುಳ. ಒಂದೊಂದು ಹಾಡು ರೆಕಾರ್ಡಿನ ಒಂದಿಡೀ ಮಗ್ಗುಲು ತುಂಬುವಷ್ಟು ಉದ್ದ. ಆಫ್ರೋಬೀಟ್ಸ್, ‘ಸ್’ ಇರೋದು: 2000ದ ನಂತರ ಲಾಗೋಸ್, ಆಕ್ರಾ, ಲಂಡನ್ ಹುಡುಗರು ಕಂಪ್ಯೂಟರ್‌ನಲ್ಲಿ ಮಾಡಿದ ಪಾಪ್. ಎರಡೂ ಬೇರೆ ಬೇರೆ.

ಡ್ಯಾನ್ಸ್‌ಹಾಲ್ 1970ರ ದಶಕದ ಕೊನೆಗೆ ಕಿಂಗ್‌ಸ್ಟನ್‌ನಲ್ಲಿ ಹುಟ್ಟಿದ್ದು. ಗಣೇಶನ ಮೆರವಣಿಗೆಯಲ್ಲಿ ಡಿಜೆ ಗಾಡಿ ನೋಡಿದ್ದೀರಲ್ಲ, ಹಾಗೆ ಆಳೆತ್ತರದ ಸ್ಪೀಕರ್ ಕಟ್ಟಿ ಬಯಲಲ್ಲಿ ರೆಕಾರ್ಡ್ ಹಾಕಿ ಕುಣಿಸೋ ಪದ್ಧತಿ ಅಲ್ಲಿ ಮೊದಲೇ ಇತ್ತು. ಆ ಬಯಲಿನ ಸಂಗೀತವೇ ಡ್ಯಾನ್ಸ್‌ಹಾಲ್. 1985ರಲ್ಲಿ ಕಿಂಗ್ ಜ್ಯಾಮಿ ಅನ್ನೋ ನಿರ್ಮಾಪಕ ಒಂದು ಪುಟ್ಟ ಕ್ಯಾಸಿಯೊ ಕೀಬೋರ್ಡ್‌ನಲ್ಲಿ ಮೊದಲೇ ಇದ್ದ ತಾಳದ ಮೇಲೆ ವೇಯ್ನ್ ಸ್ಮಿತ್‌ನಿಂದ ‘ಅಂಡರ್ ಮಿ ಸ್ಲೆಂಗ್ ಟೆಂಗ್’ ಹಾಡಿಸಿದ. ಆಟಿಕೆಯಂಥ ಯಂತ್ರ! ಅಲ್ಲಿಂದ ದುಬಾರಿ ಬ್ಯಾಂಡು ಇಲ್ಲದೆಯೂ ಹಾಡು ಮಾಡಬಹುದು ಅಂತಾಯ್ತು.

ಜಮೈಕಾದಲ್ಲಿ ಹಾಡಿನ ತಳದ ತಾಳಕ್ಕೆ ‘ರಿದಿಮ್’ ಅಂತಾರೆ. ಒಂದೇ ರಿದಿಮ್ ಮೇಲೆ ಹತ್ತಾರು ಜನ ಬೇರೆ ಬೇರೆ ಹಾಡು ಹಾಡ್ತಾರೆ, ಅದು ಕಳ್ಳತನ ಅಲ್ಲ. ಶಾನ್ ಪಾಲ್‌ನ ‘ಗೆಟ್ ಬಿಝಿ’ಗೂ ವೇಯ್ನ್ ವಂಡರ್‌ನ ‘ನೋ ಲೆಟಿಂಗ್ ಗೋ’ಗೂ ತಳ ಒಂದೇ. ಆ ರಿದಿಮ್ ಹೆಸರೇನು ಗೊತ್ತಾ? ‘ದಿವಾಲಿ’. ಹೌದು, ನಮ್ಮ ದೀಪಾವಳಿಯೇ.

ಈಗ ಬಾಯಿಬಿಟ್ಟು ಹೇಳಿ: ತಕಿಟ ತಕಿಟ ತಕ. ಮೂರು, ಮೂರು, ಎರಡು. ಮತ್ತೆ ಮತ್ತೆ ಹೇಳಿ, ಪ್ರತಿ ‘ತ’ಕ್ಕೆ ತೊಡೆ ತಟ್ಟಿ. ಡ್ಯಾನ್ಸ್‌ಹಾಲ್‌ನ ಮೂಲ ತಟ್ಟು ಅಷ್ಟೇ.

ಇನ್ನೊಂದು ಹೇಳಿ: ತಕಿಟ ತಕಿಟ ತಕದಿಮಿ ತಕ ತಕದಿಮಿ. ಮೂರು, ಮೂರು, ನಾಲ್ಕು, ಎರಡು, ನಾಲ್ಕು. ಒಟ್ಟು ಹದಿನಾರು. ಘಾನಾ, ನೈಜೀರಿಯಾದ ಹೈಲೈಫ್‌ನಲ್ಲಿ ಕೇಳಿಸುವ, ಆಫ್ರೋಬೀಟ್ಸ್‌ಗೂ ಇಳಿದು ಬಂದ ಸುತ್ತು ಇದು.

ಎರಡೂ ಶುರುವಾಗೋದು ಹೇಗೆ ನೋಡಿದ್ರಾ? ತಕಿಟ ತಕಿಟ. ಹದಿನಾರರ ಸುತ್ತಿನ ಮೊದಲ ಅರ್ಧದಲ್ಲಿ ಬೀಳುವ ಪೆಟ್ಟುಗಳೇ ಡ್ಯಾನ್ಸ್‌ಹಾಲ್‌ನ ಪೆಟ್ಟುಗಳು. ಹಾಲು-ನೀರು ಬೆರೆಸಿದ ಹಾಗಲ್ಲ ಇದು. ಒಂದೇ ಬೀಸುಕಲ್ಲಿನ ಎರಡು ಸುತ್ತು.

3/5

ಇದು ಕಾಕತಾಳೀಯ ಅಲ್ಲ. ಈ ಭಾಗ ಬರೆಯೋದು ಕಷ್ಟ.

ಗುಲಾಮರ ವ್ಯಾಪಾರದ ಕಾಲದಲ್ಲಿ ಜಮೈಕಾ ದ್ವೀಪವೊಂದಕ್ಕೇ ಸುಮಾರು 10 ಲಕ್ಷ ಆಫ್ರಿಕನ್ನರನ್ನ ಹಡಗಿನಲ್ಲಿ ತಂದು ಇಳಿಸಿದರು. ಅವರಲ್ಲಿ ಬಹಳಷ್ಟು ಜನರನ್ನ ಹೊತ್ತು ತಂದದ್ದು ಎರಡು ಕರಾವಳಿಗಳಿಂದ. ಒಂದು ಇವತ್ತಿನ ಘಾನಾ. ಇನ್ನೊಂದು ಇವತ್ತಿನ ಆಗ್ನೇಯ ನೈಜೀರಿಯಾ, ಅಂದರೆ ಇಗ್ಬೊ ಜನರ ನಾಡಿನ ಸುತ್ತಮುತ್ತ. ಬ್ರಿಟನ್ ಈ ವ್ಯಾಪಾರ ನಿಲ್ಲಿಸಿದ್ದು 1807ರಲ್ಲಿ. ಜಮೈಕಾದ ಕಬ್ಬಿನ ತೋಟಗಳಲ್ಲಿ ದುಡಿಯುತ್ತಿದ್ದವರಿಗೆ ಪೂರ್ತಿ ಬಿಡುಗಡೆ ಸಿಕ್ಕಿದ್ದು 1838ರಲ್ಲಿ.

ಹಡಗಿನಲ್ಲಿ ಬಂದವರ ಕೈಯಲ್ಲಿ ಏನೂ ಇರಲಿಲ್ಲ. ಬಾಯಲ್ಲಿ ಮಾತಿತ್ತು, ಕಾಲಲ್ಲಿ ತಾಳ ಇತ್ತು.

ಒಂದೇ ಒಂದು ಪದ ತಗೊಳ್ಳಿ. ಜಮೈಕಾದ ಆಡುಮಾತು ಪಟ್ವಾದಲ್ಲಿ ‘ನೀವೆಲ್ಲ’ ಅನ್ನೋಕೆ ‘ಉನು’ ಅಂತಾರೆ. ಇಂಗ್ಲಿಷ್‌ನ ‘ಯು’ ಒಬ್ಬರಿಗೂ ಅದೇ, ಹತ್ತು ಜನಕ್ಕೂ ಅದೇ. ಆ ಕೊರತೆ ತುಂಬೋಕೆ ಅವರು ಇಟ್ಟುಕೊಂಡ ಪದ ಇದು. ಇಗ್ಬೊ ಭಾಷೆಯಲ್ಲಿ ‘ನೀವೆಲ್ಲ’ಕ್ಕೆ ಏನಂತಾರೆ? ‘ಉನು’! ಲಾಗೋಸ್ ಬೀದಿಯ ಪಿಜಿನ್‌ನಲ್ಲಿ? ‘ಉನಾ’. ಮಗುವಿಗೆ ಅಲ್ಲಿ ‘ಪಿಕ್ನಿ’, ಇಲ್ಲಿ ‘ಪಿಕಿನ್’. ಆ ಪದ ಎರಡು ಕಡೆಗೂ ಪೋರ್ಚುಗೀಸ್ ಹಡಗಿನವರ ಬಾಯಿಂದ ಬಂದದ್ದು.

ಹಾಗಾಗಿ ನೈಜೀರಿಯಾದ ಹುಡುಗನೊಬ್ಬ ಪಟ್ವಾ ಧಾಟಿಯಲ್ಲಿ ಹಾಡಿದಾಗ ‘ಜಮೈಕಾದವರನ್ನ ಕಾಪಿ ಹೊಡೀತಾನೆ’ ಅಂತ ನಗೋದು ಸುಲಭ. ಪೂರ್ತಿ ಸುಳ್ಳೂ ಅಲ್ಲ ಅನ್ನಿ, ರೆಕಾರ್ಡ್ ಕೇಳಿಯೇ ಕಲಿತದ್ದು. ಆದರೆ ಯಾರಿಂದ ಯಾರು ತಗೊಂಡ್ರು ಅಂತ ಲೆಕ್ಕ ಹಾಕೋಕೆ ಹೊರಟರೆ ಎಷ್ಟು ಹಿಂದಕ್ಕೆ ಹೋಗ್ತೀರಿ?

4/5

ತಾಳ ಒಂದು ದಿನ ಎದ್ದು ವಾಪಸ್ ಬರಲಿಲ್ಲ. ಕಂತು ಕಂತಾಗಿ ಬಂತು.

1980ರಲ್ಲಿ ಜಿಂಬಾಬ್ವೆ ಸ್ವತಂತ್ರವಾದಾಗ ಆ ಸಮಾರಂಭದಲ್ಲಿ ಬಾಬ್ ಮಾರ್ಲಿ ಹಾಡಿದ್ದು ನಿಮಗೆ ಗೊತ್ತಿರಬಹುದು. ಆ ದಶಕದಲ್ಲಿ ರೆಗೆ ಆಫ್ರಿಕಾದಲ್ಲೆಲ್ಲ ಬೇರು ಬಿಟ್ಟಿತು. ನೈಜೀರಿಯಾದಲ್ಲಿ ಆಗ ಸೈನಿಕ ಆಡಳಿತ. 1986ರಲ್ಲಿ ತಂದ ಆರ್ಥಿಕ ಮರುಹೊಂದಾಣಿಕೆ ಕಾರ್ಯಕ್ರಮದಿಂದ ಅಲ್ಲಿನ ಹಣ ನೈರಾದ ಬೆಲೆ ಕುಸಿದು ಜನರ ಹೊಟ್ಟೆಗೆ ಪೆಟ್ಟು ಬಿತ್ತು. 1988ರಲ್ಲಿ ಮಾಜೆಕ್ ಫಾಶೆಕ್‌ನ ‘ಪ್ರಿಸನರ್ ಆಫ್ ಕಾನ್ಶೆನ್ಸ್’ ಬಂತು, ಮರುವರ್ಷ ರಾಸ್ ಕಿಮೊನೊನ ‘ಅಂಡರ್ ಪ್ರೆಶರ್’. ಹೆಸರುಗಳೇ ಹೇಳ್ತಾವೆ: ಅಂತಃಸಾಕ್ಷಿಯ ಕೈದಿ, ಒತ್ತಡದ ಅಡಿ.

1990ರ ದಶಕದಲ್ಲಿ ಲಾಗೋಸ್‌ನ ಅಜೆಗುನ್ಲೆ ಅನ್ನೋ ಕಿಕ್ಕಿರಿದ ಬಡಾವಣೆಯ ಹುಡುಗರು ಇದಕ್ಕೆ ತಮ್ಮದೇ ಕುಣಿತ ಕಟ್ಟಿದರು. ಅದರ ಹೆಸರು ಗಲಾಲಾ. ಡ್ಯಾಡಿ ಶೋಕಿ ಅಲ್ಲಿನ ರಾಜ. ‘ಡ್ಯಾಡಿ’ ಅನ್ನೋ ಬಿರುದೂ ಜಮೈಕಾದ್ದೇ.

ಪ್ಯಾಟೊರ್ಯಾಂಕಿಂಗ್ ಹುಟ್ಟಿದ್ದು 1990ರಲ್ಲಿ, ಲಾಗೋಸ್‌ನಲ್ಲಿ. ನಿಜ ಹೆಸರು ಪ್ಯಾಟ್ರಿಕ್ ನ್ನೈಮೆಕಾ ಒಕೊರಿಯೆ. ಮನೆತನದ ಬೇರು ಇಗ್ಬೊ ನಾಡಿನ ಎಬೊನಿ ರಾಜ್ಯದಲ್ಲಿ. ಹಿಂದಿನ ಪೋಸ್ಟ್‌ನ ‘ಉನು’ ನೆನಪಿದೆಯಲ್ಲ, ಅದೇ ಭಾಷೆಯ ಮನೆ. ಹೆಸರಿನಲ್ಲಿರುವ ‘ರ್ಯಾಂಕಿಂಗ್’ ಜಮೈಕಾದ ಮೈಕ್ ಹಿಡಿದವರ ಬಿರುದು. ರ್ಯಾಂಕಿಂಗ್ ಜೋ, ರ್ಯಾಂಕಿಂಗ್ ಟ್ರೆವರ್ ಅಂತೆಲ್ಲ ಅಲ್ಲಿ ಇದ್ದರು.

2013ರಲ್ಲಿ ಈತನಿಗೆ ಮೊದಲು ಹೆಸರು ತಂದ ಹಾಡು ‘ಅಲುಬಾರಿಕಾ’. ಜೊತೆಗೆ ಹಾಡಿದವನು ಟಿಮಾಯ. ಅಲುಬಾರಿಕಾ ಅಂದ್ರೆ ಯೊರೂಬಾ ಭಾಷೆಯಲ್ಲಿ ಆಶೀರ್ವಾದ, ದೇವರ ಕೃಪೆ. ಮೂಲ ಅರಬ್ಬಿಯ ‘ಬರಕತ್’. ಉತ್ತರ ಕರ್ನಾಟಕದವರಾದ್ರೆ ನಿಮ್ಮ ಮನೆಯಲ್ಲೂ ಈ ಪದ ಕೇಳಿರ್ತೀರಿ: ‘ಎಷ್ಟು ದುಡದ್ರೂ ಬರಕತ್ತ ಇಲ್ಲ ನೋಡ್ರಿ.’ ಅದೇ ಬರಕತ್ತು! ಇಗ್ಬೊ ಮನೆಯ ಹುಡುಗ, ಅರಬ್ಬಿ ಬೇರಿನ ಯೊರೂಬಾ ಪದ, ಜಮೈಕಾದ ಧಾಟಿ. ಲಾಗೋಸ್‌ನವರಿಗೆ ಇದರಲ್ಲಿ ಆಶ್ಚರ್ಯಪಡೋಕೆ ಏನೂ ಇರಲಿಲ್ಲ.

2014ರಲ್ಲಿ ‘ಗರ್ಲಿ ಓ’. ಅದರ ರೀಮಿಕ್ಸ್‌ನಲ್ಲಿ ಟೀವಾ ಸ್ಯಾವೇಜ್ ಸೇರಿದ ಮೇಲೆ ಹೆಸರು ಇನ್ನೂ ದೂರ ಹೋಯ್ತು.

5/5

2015ರಲ್ಲಿ ಈತನನ್ನ ತೆಕ್ಕೆಗೆ ತಗೊಂಡದ್ದು ನ್ಯೂಯಾರ್ಕ್‌ನ ವಿಪಿ ರೆಕಾರ್ಡ್ಸ್. ಈ ವಿಷಯಕ್ಕೆ ಸ್ವಲ್ಪ ನಿಲ್ಲಬೇಕು.

ವಿ ಅಂದ್ರೆ ವಿನ್ಸೆಂಟ್, ಪಿ ಅಂದ್ರೆ ಪೆಟ್ರೀಷಿಯಾ. ಚಿನ್ ದಂಪತಿ. ವಿನ್ಸೆಂಟ್ ಜಮೈಕಾದ ಬಾರುಗಳಲ್ಲಿ ನಾಣ್ಯ ಹಾಕಿ ಹಾಡು ಕೇಳುವ ಜೂಕ್‌ಬಾಕ್ಸ್‌ಗಳನ್ನ ನೋಡಿಕೊಳ್ಳುತ್ತಿದ್ದವರು. ಅದರಿಂದ ತೆಗೆದ ಹಳೇ ರೆಕಾರ್ಡುಗಳನ್ನೇ ಮಾರುತ್ತಾ ಕಿಂಗ್‌ಸ್ಟನ್‌ನಲ್ಲಿ ‘ರ್ಯಾಂಡೀಸ್’ ಅಂಗಡಿ ಶುರು ಮಾಡಿದರು, ಆಮೇಲೆ ಮೇಲ್ಮಹಡಿಯಲ್ಲಿ ಸ್ಟುಡಿಯೊ. 1970ರ ದಶಕದಲ್ಲಿ ಸಂಸಾರ ನ್ಯೂಯಾರ್ಕ್‌ಗೆ ಹೋಯ್ತು. ಎಲ್ಲರೂ ಮಿಸ್ ಪ್ಯಾಟ್ ಅಂತ ಕರೆಯುವ ಪೆಟ್ರೀಷಿಯಾ ಅವರ ತಂದೆಯ ಕಡೆ ಭಾರತೀಯ ಮೂಲ, ತಾಯಿಯ ಕಡೆ ಚೀನೀ ಮೂಲ. ಗುಲಾಮಗಿರಿ ನಿಂತ ಮೇಲೆ 1845ರಿಂದ ಕೂಲಿ ಒಪ್ಪಂದದ ಮೇಲೆ ಭಾರತೀಯರನ್ನ ಜಮೈಕಾಕ್ಕೆ ಸಾಗಿಸಿದ ಹಡಗುಗಳ ಕಥೆ ಇನ್ನೊಂದು ಸರಣಿಗೇ ಆಗುವಷ್ಟಿದೆ.

ಅಂದರೆ ಲಾಗೋಸ್‌ನ ಹುಡುಗನ ಹಾಡು ಅಮೆರಿಕದ ಮಾರುಕಟ್ಟೆಗೆ ಹೋದದ್ದು ಜಮೈಕಾದವರು ಕಟ್ಟಿದ ಅಂಗಡಿಯ ಬಾಗಿಲಿನಿಂದ.

ಆಲ್ಬಮ್ ಹೇಗಿದೆ? ನೇರವಾಗಿ ಹೇಳ್ತೀನಿ: ಏರುಪೇರಿದೆ. ಮೊದಲೇ ಗೆದ್ದ ಹಾಡು, ಹೊಸ ಹಾಡು ಎರಡನ್ನೂ ಒಟ್ಟಿಗೆ ಕಟ್ಟಿದ ಗಂಟು ಅದು. ಅತಿಥಿಗಳೂ ಜಾಸ್ತಿ. ಘಾನಾದ ಸಾರ್ಕೋಡಿ ಜೊತೆ ‘ನೋ ಕಿಸ್ಸಿಂಗ್ ಬೇಬಿ’, ವಿಜ್‌ಕಿಡ್ ಜೊತೆ ‘ದಿಸ್ ಕೈಂಡ್ ಲವ್’, ವಾಂಡೆ ಕೋಲ್ ಜೊತೆ ‘ಮೈ ವುಮನ್, ಮೈ ಎವ್ರಿಥಿಂಗ್’. ಈ ಕೊನೆಯದು ನನಗೆ ಎಲ್ಲಕ್ಕಿಂತ ಇಷ್ಟ. ವಾಂಡೆ ಕೋಲ್‌ನ ದನಿ ನಯ, ಪ್ಯಾಟೊರ್ಯಾಂಕಿಂಗ್‌ನದು ಒರಟು. ಒಂದರ ಪಕ್ಕ ಒಂದು ಇಟ್ಟಾಗ ಯಾವುದು ಲಾಗೋಸ್, ಯಾವುದು ಕಿಂಗ್‌ಸ್ಟನ್ ಅಂತ ಹುಡುಕೋಕೇ ಮನಸ್ಸು ಬರಲ್ಲ.

ಬಿಲ್‌ಬೋರ್ಡ್‌ನಲ್ಲಿ ಆಲ್ಬಮ್ ಕಾಣಿಸಿಕೊಂಡದ್ದು ರೆಗೆ ಪಟ್ಟಿಯಲ್ಲಿ. ಡ್ರೇಕ್‌ನ ಹಾಡು ಪಾಪ್ ಆಯ್ತು, ನೈಜೀರಿಯಾದವನದು ರೆಗೆಯ ಕಪಾಟಿಗೆ ಹೋಯ್ತು. ಸುಳ್ಳು ಕಪಾಟು ಅಂತ ಅನ್ನಲ್ಲ, ಈತನೇ ಆ ಸಂಗೀತವನ್ನ ಎದೆಗೆ ಕಟ್ಟಿಕೊಂಡವನು. ಆದರೂ ಒಂದೇ ತಾಳಕ್ಕೆ ಹಾಡುವವನ ಊರು ನೋಡಿ ಬೇರೆ ಬೇರೆ ಜಾಗ ಕೊಟ್ಟದ್ದು ನನಗೆ ಇವತ್ತಿಗೂ ಕಸಿವಿಸಿ.

2019ರಲ್ಲಿ ಎರಡನೇ ಆಲ್ಬಮ್ ‘ವಿಲ್ಮರ್’ ಬಂತು, ಮಗಳ ಹೆಸರಲ್ಲಿ. ಅದು ಇದಕ್ಕಿಂತ ಬಿಗಿಯಾಗಿದೆ. ಆದರೂ ಮೊದಲು ಇದನ್ನೇ ಕೇಳಿ. ಹೆಡ್‌ಫೋನ್ ಹಾಕಿ, ಕೈ ತೊಡೆ ಮೇಲಿರಲಿ. ತಕಿಟ ತಕಿಟ ತಕ.

ಮುಂದಿನ ಸರಣಿ: ಅಜೆಗುನ್ಲೆಯ ಗಲಾಲಾ. ಡ್ಯಾಡಿ ಶೋಕಿಯ ಹಳೇ ಕ್ಯಾಸೆಟ್ ಕವರ್‌ಗಳನ್ನ ಹುಡುಕ್ತಾ ಇದ್ದೀನಿ.