ಮೋಟಾರಿನ ಹಣೆಬರಹ

ಕಾರ್ಖಾನೆಯಲ್ಲಿ ಮೋಟಾರು ಸುಟ್ಟುಹೋದರೆ ಮೊದಲು ಕೇಳುವ ಪ್ರಶ್ನೆ ‘ಎಷ್ಟು ಎಚ್‌ಪಿ?’ ಅಂತ. ಅಷ್ಟೇ ಎಚ್‌ಪಿಯದ್ದನ್ನು ತಂದು ಕೂರಿಸಿದರೆ ಆಯಿತು ಅನ್ನುವ ಲೆಕ್ಕ. ಆದರೆ ಪುಣೆಯ ಭೋಸರಿ, ಪಿಂಪ್ರಿ-ಚಿಂಚವಡದ ಶೆಡ್ಡುಗಳಲ್ಲಿ ಜರ್ಮನಿಯಿಂದ, ಅಮೆರಿಕದಿಂದ ಬಂದ ಹಳೆಯ ಯಂತ್ರಗಳೂ ನಮ್ಮ ದೇಶದವೂ ಅಕ್ಕಪಕ್ಕ ಓಡುತ್ತಿರುತ್ತವೆ. ಎರಡು ಸಾಫ್ಟ್‌ವೇರುಗಳನ್ನು ಜೋಡಿಸುವ ಮುನ್ನ ಎರಡೂ ಕಡೆಯ ಭಾಷೆ ಒಂದೇನಾ ಎಂದು ನೋಡುವುದು ನನ್ನ ದಿನನಿತ್ಯದ ಕೆಲಸ. ಮೋಟಾರಿಗೂ ಅದೇ ನಿಯಮ. ಈ ಭಾಷೆಗಳು ಬೇರೆಬೇರೆ ಯಾಕಾದವು ಎಂದು ಹುಡುಕುತ್ತ ಹೋದರೆ ದಾರಿ ನಮ್ಮ ಕಾವೇರಿಗೇ ತಲುಪುತ್ತದೆ.

1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿಯಲ್ಲಿ ಹರಿದು ಕೋಲಾರದ ಚಿನ್ನದ ಗಣಿ ಸೇರಿತು. 1905ರಲ್ಲಿ ಬೆಂಗಳೂರಿಗೂ ಬಂತು. ಅದು ಸೆಕೆಂಡಿಗೆ 25 ಆವರ್ತದ ವಿದ್ಯುತ್ತು. ಅಮೆರಿಕದ ನಯಾಗರಾ ಕೇಂದ್ರವೂ 1895ರಲ್ಲಿ 25ನ್ನೇ ಆರಿಸಿಕೊಂಡಿತ್ತು. ಅಲ್ಲಿನ ಟರ್ಬೈನುಗಳು ನಿಮಿಷಕ್ಕೆ 250 ಸುತ್ತು ತಿರುಗುವಂಥವು. 12 ಧ್ರುವದ ಜನರೇಟರು ಅಷ್ಟು ವೇಗದಲ್ಲಿ 25 ಆವರ್ತವನ್ನೇ ಕೊಡುತ್ತದೆ.

ಆವರ್ತ ಬದಲಾದರೆ ಮೋಟಾರಿನ ವೇಗವೂ ಬದಲಾಗುತ್ತದೆ. ನಾಲ್ಕು ಧ್ರುವದ ಮೋಟಾರಿನ ಕಾಂತಕ್ಷೇತ್ರ 25ರಲ್ಲಿ ನಿಮಿಷಕ್ಕೆ 750 ಸುತ್ತು, 50ರಲ್ಲಿ 1500 ಸುತ್ತು ತಿರುಗುತ್ತದೆ. ಇಷ್ಟೇ ಅಲ್ಲ, 50ಕ್ಕೆಂದು ಮಾಡಿದ ಮೋಟಾರಿಗೆ ಅದೇ ವೋಲ್ಟೇಜಿನಲ್ಲಿ 25 ಕೊಟ್ಟರೆ ಕಬ್ಬಿಣದ ತಿರುಳು ಕಾಂತೀಯವಾಗಿ ತುಂಬಿ ತುಳುಕಿ, ಕರೆಂಟು ಏರಿ, ವೈಂಡಿಂಗ್ ಸುಡುತ್ತದೆ. ಇತ್ತ ಪುಣೆಯ ದಾರಿಯ ಲೋಣಾವಳದ ಕೆರೆಗಳ ನೀರಿನಿಂದ 1915ರಲ್ಲಿ ಶುರುವಾದ ಟಾಟಾ ಅವರ ಖೋಪೋಲಿ ಕೇಂದ್ರ ಮುಂಬಯಿಯ ಗಿರಣಿಗಳಿಗೆ ಕೊಟ್ಟದ್ದು 50 ಆವರ್ತದ್ದು. ಮುಂದೆ ಮೈಸೂರೂ 50ಕ್ಕೆ ಬಂತು. ಅಮೆರಿಕ 60ರಲ್ಲಿ ನಿಂತಿತು. ಹೀಗಾಗಿ ಅಲ್ಲಿಂದ ಬಂದ 460 ವೋಲ್ಟ್, 60 ಆವರ್ತದ ಮೋಟಾರು ನಮ್ಮ 50ರಲ್ಲಿ ಆರರಲ್ಲಿ ಒಂದು ಪಾಲು ನಿಧಾನ. ಅದಕ್ಕೆ ಹಿತವಾದ ವೋಲ್ಟೇಜು ಸುಮಾರು 383. ನಾವು ಕೊಡುವುದು 415.

ಎರಡನೆಯ ಭೇದ ಅಕ್ಷರಗಳದ್ದು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಮನೆತನ 1946ರಲ್ಲಿ ಬೆಂಗಳೂರಿನಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಕಟ್ಟಿತು. ಹತ್ತು ವರ್ಷಗಳ ನಂತರ ಅದೇ ಊರಿನಲ್ಲಿ ಜರ್ಮನಿಯ ಎಇಜಿ ಸಹಯೋಗದ ಎನ್‌ಜಿಇಎಫ್ ಹುಟ್ಟಿತು. ಆಗಿನ ಬ್ರಿಟಿಷ್ ಪದ್ಧತಿಯಲ್ಲಿ ವೈಂಡಿಂಗಿನ ತುದಿಗಳು ಎ1-ಎ2, ಬಿ1-ಬಿ2, ಸಿ1-ಸಿ2. ಜರ್ಮನ್ ಪದ್ಧತಿಯಲ್ಲಿ ಯು-ಎಕ್ಸ್, ವಿ-ವೈ, ಡಬ್ಲ್ಯು-ಝಡ್. ಇಂದಿನ ಅಂತರರಾಷ್ಟ್ರೀಯ ಗುರುತು ಯು1-ಯು2, ವಿ1-ವಿ2, ಡಬ್ಲ್ಯು1-ಡಬ್ಲ್ಯು2. ಅಮೆರಿಕದ ಹಲವು ಮೋಟಾರುಗಳಲ್ಲಿ ಟಿ1ರಿಂದ ಟಿ9ರವರೆಗೆ ಒಂಬತ್ತು ತಂತಿ. ನಮ್ಮ ಸ್ಟಾರ್-ಡೆಲ್ಟಾ ಸ್ಟಾರ್ಟರಿಗೆ ಬೇಕಾದ ಆರು ತುದಿ ಅಲ್ಲಿ ಬಿಡಿಯಾಗಿ ಸಿಗುವುದಿಲ್ಲ.

ಮೂರನೆಯದೇ ಹೆಚ್ಚು ಕಾಡುವುದು. ಯುರೋಪಿನ ಸಣ್ಣ ಮೋಟಾರುಗಳ ಮೇಲೆ ‘230/400 ಡೆಲ್ಟಾ/ಸ್ಟಾರ್’ ಎಂದಿರುತ್ತದೆ. ಅಂದರೆ ಒಂದೊಂದು ಸುರುಳಿ ತಾಳುವುದು 230 ವೋಲ್ಟ್. ನಮ್ಮ ಸರಬರಾಜಿನಲ್ಲಿ ಅದನ್ನು ಸ್ಟಾರ್‌ನಲ್ಲೇ ಜೋಡಿಸಬೇಕು. ಡೆಲ್ಟಾ ಹಾಕಿದರೆ ನಿಮಿಷಗಳಲ್ಲೇ ಹೊಗೆ. ನಮ್ಮಲ್ಲಿ ಸಿಗುವ ‘415 ಡೆಲ್ಟಾ’ ಮೋಟಾರಿಗೆ ಇದು ತಿರುವುಮುರುವು: ಸ್ಟಾರ್ ಹಾಕಿದರೆ ಪ್ರತಿ ಸುರುಳಿಗೆ ಸಿಗುವುದು 240 ವೋಲ್ಟ್, ತಿರುಗುಬಲ ಮೂರನೇ ಒಂದು ಪಾಲು. ಭೋಸರಿಯಲ್ಲಿ ಶೆಡ್ಡು ನಡೆಸುವ ನನ್ನ ಗೆಳೆಯನ ಹೊಸ ಮೋಟಾರು ಖಾಲಿ ಓಡುತ್ತಿತ್ತು, ಲೋಡು ಕೊಟ್ಟೊಡನೆ ಗುಂಯ್‌ಗುಟ್ಟಿ ಬಿಸಿಯಾಗುತ್ತಿತ್ತು. ಹಳೆಯ ಯುರೋಪಿನ ಮೋಟಾರಿನ ಹಿತ್ತಾಳೆ ಪಟ್ಟಿಗಳನ್ನು ಇದ್ದ ಹಾಗೇ ಇದರಲ್ಲೂ ಕೂರಿಸಿದ್ದರು. ಪಟ್ಟಿ ತಿರುಗಿಸಿ ಡೆಲ್ಟಾ ಮಾಡಿದ್ದು ಹತ್ತು ನಿಮಿಷದ ಕೆಲಸ. ಅದು ತಿಳಿಯುವಷ್ಟರಲ್ಲಿ ಎರಡು ಪಾಳಿಯ ಕೆಲಸ ನಿಂತಿತ್ತು. ದಿನಗೂಲಿಯವರು ಬರಿಗೈಲಿ ಮನೆಗೆ ಹೋಗಿದ್ದರು.

ಆದ್ದರಿಂದ ಎಚ್‌ಪಿ ಕೇಳಿದ ಮೇಲೆ ಇನ್ನಷ್ಟು ಕೇಳಬೇಕು: ಆವರ್ತ ಎಷ್ಟು, ಧ್ರುವ ಎಷ್ಟು, ಯಾವ ವೋಲ್ಟೇಜಿಗೆ ಯಾವ ಜೋಡಣೆ, ಹೊರಗೆ ಬಂದಿರುವ ತುದಿ ಎಷ್ಟು, ಸ್ಟಾರ್ಟರ್ ಯಾವುದು. ಹಳೆಯದನ್ನು ಬಿಚ್ಚುವ ಮುನ್ನ ನೇಮ್‌ಪ್ಲೇಟಿನದ್ದೂ ಟರ್ಮಿನಲ್ ಡಬ್ಬಿಯದ್ದೂ ಫೋಟೊ ತೆಗೆಯಬೇಕು. ಆದರೆ ಜೋಡಿಸುವಾಗ ನಂಬಬೇಕಾದದ್ದು ಹೊಸ ಮೋಟಾರಿನ ನೇಮ್‌ಪ್ಲೇಟನ್ನು. ಮನುಷ್ಯನ ಹಣೆಬರಹ ಓದಿದವರಿಲ್ಲ. ಮೋಟಾರಿನದ್ದು ಅದರ ಮೈಮೇಲೆಯೇ ಕೊರೆದಿರುತ್ತದೆ.